ಉಸಿರಿನ ಲೆಕ್ಕ ಇಡುವ ಪೆಟ್ಟಿಗೆ

ಹೆಂಚಿನ ಮನೆಯ ನಡುಮನೆಯಲ್ಲಿ, ಬೆಳಗಿನ ಹೊತ್ತು, ಮಾಡಿನ ಗಾಜಿನ ಹೆಂಚಿನಿಂದ ಬಿಸಿಲಕೋಲೊಂದು ಓರೆಯಾಗಿ ಇಳಿದು ನೆಲವನ್ನು ಮುಟ್ಟುವುದುಂಟು. ಆ ಕೋಲಿನೊಳಗೆ ಅಸಂಖ್ಯ ಧೂಳಿನ ಕಣಗಳು ಏರುತ್ತ, ಇಳಿಯುತ್ತ, ಒಂದನ್ನೊಂದು ಹಾಯುತ್ತ ಕುಣಿಯುವುದನ್ನು ಬೆರಗಿನಿಂದ ನೋಡದ ಮಗುವಿಲ್ಲ. ಅದನ್ನು ಹಿಡಿಯಹೋಗಿ ಬರಿಯ ಮುಷ್ಟಿಯನ್ನು ಮುಚ್ಚಿಕೊಂಡು ಬಂದಿರದ ಮಗುವೂ ಇಲ್ಲ. ಮಕ್ಕಳಿಗೆ ಆಟವಾದದ್ದು ಹಿಂದಿನವರಿಗೆ ಅಳತೆಯಾಯಿತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ತಾಮ್ರ, ಬೆಳ್ಳಿ, ಬಂಗಾರಗಳನ್ನು ತೂಗುವ ಮಾನಗಳ ಪಟ್ಟಿಯೊಂದು ಬರುತ್ತದೆ. ಜಾಲಂದ್ರದಿಂದ ತೂರಿಬರುವ ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಅತಿಸೂಕ್ಷ್ಮವಾದ ರಜಃಕಣವೇ ಆ ಪಟ್ಟಿಯ ಮೊದಲ ಮೆಟ್ಟಿಲು. ಅದರ ಹೆಸರು ತ್ರಸರೇಣು. ಎಂಟು ತ್ರಸರೇಣುಗಳಿಗೆ ಒಂದು ಲಿಕ್ಷೆ, ಮೂರು ಲಿಕ್ಷೆಗಳಿಗೆ ಒಂದು ಕರಿಸಾಸಿವೆ. ಹೀಗೆ ಲೆಕ್ಕವು ಮೇಲೇರುತ್ತ ಹೋಗುತ್ತದೆ. ಬಂಗಾರದ ತೂಕವು ಧೂಳಿನ ಕಣದಿಂದ ಆರಂಭವಾಗುತ್ತಿತ್ತು!

ಆದರೆ ಕಣ್ಣಿಗೆ ಕಾಣುವ ಈ ಕಣಗಳಿಂದ ದೇಹಕ್ಕೆ ಒದಗುವ ಕೇಡು ಅಷ್ಟು ದೊಡ್ಡದಲ್ಲ. ಮೂಗಿನ ಕೂದಲೂ ಗಂಟಲಿನ ತೇವವೂ ಅವುಗಳನ್ನು ಬಾಗಿಲಲ್ಲಿಯೇ ತಡೆಯುತ್ತವೆ. ಒಂದು ಸೀನು, ಎರಡು ಕೆಮ್ಮು, ಅಲ್ಲಿಗೆ ಮುಗಿಯಿತು. ನಿಜವಾದ ಶತ್ರುಗಳು ತ್ರಸರೇಣುವಿಗಿಂತಲೂ ಚಿಕ್ಕವು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ಚಿಕ್ಕದಾದ ಕಣವು ಗಂಟಲನ್ನು ದಾಟಬಲ್ಲುದು. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದುದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗಿ ನೆಲೆಸಬಲ್ಲುದು. ಈ ಎರಡನೆಯ ಜಾತಿಯನ್ನೇ ಪತ್ರಿಕೆಗಳಲ್ಲಿ ಪಿ.ಎಂ. 2.5 ಎಂದು ಬರೆಯುವುದು. ಕೆಮ್ಮು ದಮ್ಮುಗಳಷ್ಟೇ ಅಲ್ಲ, ಹೃದಯದ ಬೇನೆ, ಪಾರ್ಶ್ವವಾಯು, ಶ್ವಾಸಕೋಶದ ಅರ್ಬುದ ಇವುಗಳಿಗೂ ಈ ಸೂಕ್ಷ್ಮ ಧೂಳು ಕಾರಣವಾಗುತ್ತದೆಂಬುದು ವೈದ್ಯಶಾಸ್ತ್ರದಲ್ಲಿ ಸ್ಥಿರಪಟ್ಟ ಮಾತು.

ಊರಿನ ಗಾಳಿ, ಒಬ್ಬನ ಗಾಳಿ

ಇಂದು ದೊಡ್ಡ ಪಟ್ಟಣಗಳಲ್ಲಿ ಗಾಳಿಯನ್ನು ಅಳೆಯುವ ಕೇಂದ್ರಗಳುಂಟು. ಕಟ್ಟಡದ ತಾರಸಿಯ ಮೇಲೆಯೋ ಉದ್ಯಾನದ ಮೂಲೆಯಲ್ಲಿಯೋ ನಿಂತ ಯಂತ್ರವು ಹಗಲಿರುಳೂ ಗಾಳಿಯನ್ನು ಹೀರಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳಿದೆ ಎಂದು ವರದಿ ಮಾಡುತ್ತದೆ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಮಾಡಿದ ಮಿತಿಯ ಪ್ರಕಾರ ಪಿ.ಎಂ. 2.5 ದಿನವೊಂದರ ಸರಾಸರಿಯಲ್ಲಿ 60 ಮೈಕ್ರೋಗ್ರಾಮನ್ನೂ ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಮನ್ನೂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಅಂಕಿಗಳು ಇದಕ್ಕಿಂತ ಬಹಳ ಕಡಿಮೆ: ದಿನಕ್ಕೆ 15, ವರ್ಷಕ್ಕೆ 5.

ಆದರೆ ತಾರಸಿಯ ಮೇಲೆ ಯಾರೂ ವಾಸಮಾಡುವುದಿಲ್ಲವಷ್ಟೆ. ಒಂದೇ ಬೀದಿಯ ಒಂದೇ ಮನೆಯಲ್ಲಿ ನಾಲ್ವರಿದ್ದಾರೆಂದು ಇಟ್ಟುಕೊಳ್ಳೋಣ. ಯಜಮಾನನು ಲಾರಿಗಳ ನಡುವೆ ಸ್ಕೂಟರಿನಲ್ಲಿ ಕಚೇರಿಗೆ ಹೋಗುತ್ತಾನೆ. ಗೃಹಿಣಿಯು ಒಗ್ಗರಣೆಯ ಹೊಗೆಯ ಮುಂದೆ ನಿಲ್ಲುತ್ತಾಳೆ. ವೃದ್ಧರಾದ ತಾಯಿ ಊದುಬತ್ತಿ ಹಚ್ಚಿದ ದೇವರ ಕೋಣೆಯಲ್ಲಿ ಒಂದು ಗಂಟೆ ಕೂರುತ್ತಾರೆ. ಮಗನು ಮಣ್ಣಿನ ಮೈದಾನದಲ್ಲಿ ಓಡಾಡುತ್ತಾನೆ. ಊರಿನ ಯಂತ್ರವು ಈ ನಾಲ್ವರಿಗೂ ಒಂದೇ ಅಂಕಿಯನ್ನು ಕೊಡುತ್ತದೆ. ನಾಲ್ವರ ಎದೆಯೊಳಕ್ಕೆ ಹೋದ ಧೂಳು ಮಾತ್ರ ನಾಲ್ಕು ಬಗೆ. ಹಾಗಾದರೆ ಅವರವರ ಪಾಲಿನ ಲೆಕ್ಕವನ್ನು ಇಡುವವರಾರು?

ಅದಕ್ಕಾಗಿಯೇ ಹುಟ್ಟಿದ್ದು ಮೈಮೇಲೆ ಧರಿಸುವ ಧೂಳಿನ ಮಾಪಕ. ಕೈಗಡಿಯಾರವು ಹೊತ್ತನ್ನು ಹೇಳುವಂತೆ ಇದು ಧರಿಸಿದವರು ಉಸಿರಾಡಿದ ಗಾಳಿಯ ಗುಣವನ್ನು ಹೇಳುತ್ತದೆ. ಇದರ ಕಥೆ ಇತ್ತೀಚಿನದೆಂದು ಹಲವರು ಭಾವಿಸಿರಬಹುದು. ಅದರ ಬೇರುಗಳು ಭೂಮಿಯ ಒಡಲಲ್ಲಿ, ಗಣಿಗಳ ಕತ್ತಲೆಯಲ್ಲಿವೆ.

ಚಿನ್ನದ ಬೆಲೆ

ಕೋಲಾರದ ಚಿನ್ನದ ಗಣಿಗಳ ಹೆಸರನ್ನು ಕೇಳದ ಕನ್ನಡಿಗರಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದ ಆ ಗಣಿಗಳು 2001ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಭೂಮಿಯ ಒಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದುವು. ಅಲ್ಲಿ ಚಿನ್ನವು ಬೆಣಚುಕಲ್ಲಿನ ಸಿರಗಳಲ್ಲಿ ಅಡಗಿರುತ್ತಿತ್ತು. ಕಲ್ಲನ್ನು ಕೊರೆದು ಸಿಡಿಸಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹೊಕ್ಕರೆ ಅಲ್ಲಿ ಕಲೆಗಟ್ಟುತ್ತದೆ. ಮೃದುವಾದ ಅಂಗಾಂಶವು ನಾರಿನಂತೆ ಗಡುಸಾಗುತ್ತದೆ. ಕೆಲವು ವರ್ಷಗಳಲ್ಲಿ ಗಟ್ಟಿಮುಟ್ಟಾದ ಆಳು ನಾಲ್ಕು ಮೆಟ್ಟಿಲನ್ನು ಹತ್ತಲಾರದೆ ಏದುಸಿರು ಬಿಡುತ್ತಾನೆ. ಇದೇ ಸಿಲಿಕೋಸಿಸ್. ಬಂದ ಮೇಲೆ ಹೋಗುವ ಕಾಯಿಲೆಯಲ್ಲ ಇದು. 1940ರ ದಶಕದಲ್ಲಿ ನಡೆದ ತಪಾಸಣೆಗಳಲ್ಲಿ ಕೋಲಾರದ ಗಣಿಗಾರರಲ್ಲಿ ಈ ವ್ಯಾಧಿಯು ವ್ಯಾಪಕವಾಗಿರುವುದು ಬೆಳಕಿಗೆ ಬಂದಿತು. ಒಂದು ಕಾಲದಲ್ಲಿ ಚಿನ್ನವನ್ನು ತೂಗಲು ಧೂಳು ಮಾನವಾಗಿತ್ತು. ಇಲ್ಲಿ ಚಿನ್ನಕ್ಕೆ ತೆತ್ತ ಬೆಲೆಯೇ ಧೂಳಾಯಿತು.

ಇಂಥದೇ ಬೆಣಚುಕಲ್ಲಿನ ಚಿನ್ನದ ಗಣಿಗಳು ದಕ್ಷಿಣ ಆಫ್ರಿಕದಲ್ಲಿಯೂ ಉಂಟು. ಗಾಳಿಯಲ್ಲಿನ ಧೂಳನ್ನು ಅಳೆಯುವ ಮೊದಮೊದಲ ಸಾಧನಗಳಲ್ಲೊಂದು ಹುಟ್ಟಿದ್ದು ಅಲ್ಲಿಯೇ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸರ್ ರಾಬರ್ಟ್ ಕೋಟ್ಸೆ ಎಂಬ ಗಣಿತಜ್ಞ, ಎಂದರೆ ಗಣಿಗಾರಿಕೆಯಲ್ಲಿ ನಿಪುಣನಾದಾತ, ಕೋನಿಮೀಟರ್ ಎಂಬುದನ್ನು ರೂಪಿಸಿದನು. ಅದು ಕೆಲವೇ ಘನ ಸೆಂಟಿಮೀಟರಿನಷ್ಟು ಗಾಳಿಯನ್ನು ರಭಸದಿಂದ ಸೆಳೆದು, ಜಿಡ್ಡು ಸವರಿದ ಗಾಜಿನ ಮೇಲೆ ಅಪ್ಪಳಿಸುತ್ತಿತ್ತು. ಗಾಜಿಗೆ ಅಂಟಿದ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತಿದ್ದರು. ಕೆಲಸವೇನೋ ಚೆನ್ನಾಗಿಯೇ ಇತ್ತು. ಆದರೆ ಅದು ಕ್ಷಣಮಾತ್ರದ ಚಿತ್ರ. ಹನ್ನೊಂದು ಗಂಟೆಗೆ ಎಣಿಸಿದರೆ ಹನ್ನೊಂದು ಗಂಟೆಯ ಗಾಳಿ. ಆಳು ಬೆಳಗಿನಿಂದ ಸಂಜೆಯವರೆಗೆ ಉಸಿರಾಡಿದ ಗಾಳಿಯ ಲೆಕ್ಕವು ಅದರಿಂದ ಸಿಕ್ಕುತ್ತಿರಲಿಲ್ಲ.

ಕಾಲರಿಗೆ ಏರಿದ ಸೋಸುಕ

ಆ ಲೆಕ್ಕಕ್ಕೆ ದಾರಿ ತೆರೆದದ್ದು ಗಣಿಯಲ್ಲ, ಪರಮಾಣು ಪ್ರಯೋಗಶಾಲೆ. ಇಂಗ್ಲೆಂಡಿನ ಹಾರ್ವೆಲ್ ಎಂಬಲ್ಲಿದ್ದ ಪರಮಾಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಕಿರಣ ಸೂಸುವ ವಸ್ತುಗಳೊಡನೆ ದುಡಿಯುವವರ ರಕ್ಷಣೆಗಾಗಿ ಕೋಣೆಗಳಲ್ಲಿ ಗಾಳಿಯ ಮಾಪಕಗಳನ್ನು ನಿಲ್ಲಿಸಿದ್ದರು. ಷೆರ್‌ವುಡ್ ಮತ್ತು ಗ್ರೀನ್‌ಹಾಲ್ಷ್ ಎಂಬ ಇಬ್ಬರಿಗೆ ಒಂದು ಸಂದೇಹ ಬಂದಿತು. ಗೋಡೆಯ ಬಳಿ ನಿಂತ ಯಂತ್ರವು ಹೀರುವ ಗಾಳಿಯೂ ಮೇಜಿನ ಮೇಲೆ ಬಾಗಿ ಕೆಲಸಮಾಡುವವನು ಹೀರುವ ಗಾಳಿಯೂ ಒಂದೆಯೆ? ಅವರು ಬ್ಯಾಟರಿಯಿಂದ ನಡೆಯುವ, ಮೈಮೇಲೆ ಹೊತ್ತು ತಿರುಗಬಹುದಾದ ಪುಟ್ಟ ಪಂಪೊಂದನ್ನು ಸಿದ್ಧಪಡಿಸಿ, ಅದರ ಸೋಸುಕವನ್ನು ಕೆಲಸಗಾರನ ಅಂಗಿಯ ಎದೆಮಡಿಕೆಗೆ ಸಿಕ್ಕಿಸಿದರು. 1960ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಕೆಲಸಗಾರನ ಎದೆಯ ಮೇಲಿನ ಸೋಸುಕವು ತೋರಿಸಿದ ಪ್ರಮಾಣವು ಕೋಣೆಯ ಯಂತ್ರವು ತೋರಿಸಿದ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಕೋಣೆಯು ಸುರಕ್ಷಿತವೆಂದು ಯಂತ್ರವು ಹೇಳುತ್ತಿದ್ದಾಗಲೂ ಅದರೊಳಗಿನ ಮನುಷ್ಯನು ಹೆಚ್ಚಿನ ಪಾಲನ್ನು ಉಣ್ಣುತ್ತಿದ್ದನು.

ಅಂದಿನಿಂದ ಒಂದು ನಿಯಮವೇ ಏರ್ಪಟ್ಟಿತು. ಮೂಗು ಬಾಯಿಗಳ ಸುತ್ತ ಸುಮಾರು 30 ಸೆಂಟಿಮೀಟರಿನ ಅಳತೆಯ ಜಾಗಕ್ಕೆ ಉಸಿರಾಟದ ವಲಯವೆಂದು ಹೆಸರಾಯಿತು. ಯಂತ್ರದ ಬಾಯಿ ಅಲ್ಲಿಯೇ ಇರಬೇಕು. ಪಂಪು ಸೊಂಟದಲ್ಲಿದ್ದರೂ ಚಿಂತೆಯಿಲ್ಲ.

ಈ ಯಂತ್ರದ ರಚನೆ ಬಹಳ ಸರಳ. ಪಂಪು ನಿಮಿಷಕ್ಕೆ ಸುಮಾರು ಎರಡು ಲೀಟರ್ ಗಾಳಿಯನ್ನು ಸೆಳೆಯುತ್ತದೆ. ಗಾಳಿಯು ಮೊದಲು ಚಂಡಮಾರುತವೆಂಬ ಅರ್ಥದ ಸೈಕ್ಲೋನ್ ಎಂಬ ಪುಟ್ಟ ಲಾಳಿಕೆಯೊಳಗೆ ಸುತ್ತುತ್ತದೆ. ಕಣದಲ್ಲಿ ರಾಶಿ ತೂರುವಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹಾರುವಂತೆ, ಇಲ್ಲಿ ದಪ್ಪ ಕಣಗಳು ಗೋಡೆಗೆ ಬಡಿದು ಕೆಳಗುರುಳುತ್ತವೆ. ಶ್ವಾಸಕೋಶದ ಆಳವನ್ನು ಮುಟ್ಟಬಲ್ಲ ಸಣ್ಣವು ಮಾತ್ರ ಮುಂದುವರಿದು ಬಿಲ್ಲೆಯಾಕಾರದ ಸೋಸುಕದ ಮೇಲೆ ಕೂರುತ್ತವೆ. ಎಂದರೆ ಯಂತ್ರಕ್ಕೂ ಒಂದು ಮೂಗು, ಒಂದು ಗಂಟಲು ಉಂಟು. ಸೋಸುಕವನ್ನು ಕೆಲಸಕ್ಕೆ ಮೊದಲು ಒಮ್ಮೆ, ಅನಂತರ ಒಮ್ಮೆ ಅತಿಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗುತ್ತಾರೆ. ಹೆಚ್ಚಿದ ತೂಕವೇ ಧೂಳಿನ ತೂಕ. ಎಂಟು ಗಂಟೆಗಳ ಪಾಳಿಯಲ್ಲಿ ಸೋಸುಕದ ಮೂಲಕ ಹಾಯುವ ಗಾಳಿ 960 ಲೀಟರ್, ಹೆಚ್ಚುಕಡಿಮೆ ಒಂದು ಘನ ಮೀಟರ್. ಅಮೆರಿಕದ ಕಲ್ಲಿದ್ದಲ ಗಣಿಗಳಲ್ಲಿ 1972ರ ಕೊನೆಯಿಂದ ಜಾರಿಗೆ ಬಂದ ಮಿತಿ ಘನ ಮೀಟರಿಗೆ 2 ಮಿಲಿಗ್ರಾಂ. ಅದು ಸರಿಸುಮಾರು ಒಂದು ಸಾಸಿವೆಯ ಕಾಳಿನ ತೂಕ. ಒಬ್ಬ ಗಣಿಗಾರನ ಆಯುಷ್ಯದ ಪ್ರಶ್ನೆಯು ಸೋಸುಕದ ಮೇಲಿನ ಒಂದು ಸಾಸಿವೆಯ ಆಚೆ ಈಚೆ ತೂಗಾಡುತ್ತಿತ್ತು.

ತಕ್ಕಡಿಯೂ ಕಳ್ಳತನವೂ

ಆ ಕಲ್ಲಿದ್ದಲ ಗಣಿಗಳ ಕಥೆಯಲ್ಲಿ ಒಂದು ಪಾಠವಿದೆ. 1968ರ ನವೆಂಬರಿನಲ್ಲಿ ಪಶ್ಚಿಮ ವರ್ಜೀನಿಯದ ಫಾರ್ಮಿಂಗ್ಟನ್ ಎಂಬಲ್ಲಿ ಗಣಿಯೊಂದು ಸಿಡಿದು 78 ಮಂದಿ ಮಡಿದರು. ಆ ದುರಂತದ ಬಿಸಿಯಲ್ಲಿ 1969ರ ಶಾಸನವು ಹೊರಟಿತು. ಸಿಡಿತಕ್ಕೆ ಸದ್ದುಂಟು, ಧೂಳಿಗೆ ಸದ್ದಿಲ್ಲ. ಆದರೂ ಆ ಶಾಸನವು ಧೂಳಿಗೂ ಮಿತಿಯನ್ನು ವಿಧಿಸಿತು, ಗಣಿಗಾರರ ಮೈಮೇಲೆ ಪಂಪನ್ನು ಕಟ್ಟಿ ಅಳೆಯಬೇಕೆಂದಿತು.

ಆದರೆ ಪಂಪನ್ನು ಕಟ್ಟಿಸುವ ಹೊಣೆ ಬಹುಪಾಲು ಗಣಿಯ ಒಡೆತನದವರದೇ ಆಗಿತ್ತು. ಸೋಸುಕವು ದೂರದ ಪ್ರಯೋಗಶಾಲೆಗೆ ಹೋಗಿ, ತೂಕವಾಗಿ, ಅಂಕಿ ಹಿಂದಿರುಗುವಷ್ಟರಲ್ಲಿ ದಿನಗಳೇ ಕಳೆದುಹೋಗುತ್ತಿದ್ದುವು. 1991ರಲ್ಲಿ ಅಮೆರಿಕ ಸರ್ಕಾರವು ನೂರಾರು ಗಣಿಗಳ ಸೋಸುಕಗಳ ನಡುಭಾಗದಿಂದ ಧೂಳನ್ನು ಊದಿ ತೆಗೆಯಲಾಗಿದೆಯೆಂದು ಆರೋಪ ಹೊರಿಸಿತು. ವಿಚಾರಣೆಯಲ್ಲಿ ಆ ಆರೋಪಗಳು ಬಹುಮಟ್ಟಿಗೆ ನಿಲ್ಲಲಿಲ್ಲ. 1998ರಲ್ಲಿ ಕೆಂಟಕಿಯ ಲೂಯಿವಿಲ್ ನಗರದ ದಿನಪತ್ರಿಕೆಯೊಂದು ಇನ್ನೂರಕ್ಕೂ ಮಿಕ್ಕ ಗಣಿಗಾರರನ್ನು ಮಾತನಾಡಿಸಿ ದೀರ್ಘವಾದ ಲೇಖನಮಾಲೆಯನ್ನು ಪ್ರಕಟಿಸಿತು. ಪಂಪನ್ನು ಶುದ್ಧ ಗಾಳಿಯಿರುವ ಕಡೆ ನೇತುಹಾಕುವುದು, ಬಟ್ಟೆಯೊಳಗೆ ಮುಚ್ಚಿಡುವುದು, ಅಳತೆಯ ದಿನ ಮಾತ್ರ ಕೆಲಸವನ್ನು ನಿಧಾನಿಸುವುದು ಮುಂತಾದ ಉಪಾಯಗಳನ್ನು ಅವರು ಬಾಯಿಬಿಟ್ಟು ಹೇಳಿದರು. ಕೆಲವರು ಒತ್ತಾಯಕ್ಕೆ ಒಳಗಾಗಿ, ಕೆಲವರು ಗಣಿ ಮುಚ್ಚಿ ಅನ್ನ ಹೋದೀತೆಂದು ತಾವಾಗಿಯೇ ಹಾಗೆ ಮಾಡಿದ್ದರು. ಕಾಗದದ ಮೇಲೆ ಗಾಳಿ ಶುದ್ಧವಾಗಿತ್ತು. ಎದೆಯ ಕ್ಷಕಿರಣ ಚಿತ್ರಗಳು ಬೇರೆಯೇ ಕಥೆಯನ್ನು ಹೇಳುತ್ತಿದ್ದುವು. ವರ್ಜೀನಿಯದ ನೈರುತ್ಯ ಭಾಗದ ಕೇವಲ ಮೂರು ಚಿಕಿತ್ಸಾಲಯಗಳಲ್ಲಿ 2013ರಿಂದ 2017ರ ಆರಂಭದವರೆಗೆ ಉಲ್ಬಣಿಸಿದ ಗಣಿಧೂಳಿನ ಕಾಯಿಲೆಯ 416 ರೋಗಿಗಳು ಕಂಡುಬಂದರು.

ಇದಕ್ಕೆ ಉತ್ತರವಾಗಿ ಬಂದದ್ದು ಅಂಕಿಯನ್ನು ಅಲ್ಲಿಯೇ, ಆಗಲೇ, ಧರಿಸಿದವನ ಕಣ್ಣಿಗೇ ತೋರಿಸುವ ಯಂತ್ರ. ಅದರ ಒಳಗುಟ್ಟು ಸಂಗೀತ ಬಲ್ಲವರಿಗೆ ಬೇಗ ಅರ್ಥವಾದೀತು. ವೀಣೆಯ ತೆಳುವಾದ ತಂತಿ ತಾರಸ್ವರವನ್ನು ನುಡಿಯುತ್ತದೆ, ದಪ್ಪ ತಂತಿ ಮಂದ್ರವನ್ನು. ಈ ಯಂತ್ರದಲ್ಲಿ ಪುಟ್ಟ ಸೋಸುಕವನ್ನು ಒಂದು ಟೊಳ್ಳು ಕಡ್ಡಿಯ ತುದಿಯಲ್ಲಿ ಕೂರಿಸಿ, ಕಡ್ಡಿಯನ್ನು ಸದಾ ಕಂಪಿಸುತ್ತಿರುವಂತೆ ಮಾಡಿರುತ್ತಾರೆ. ಧೂಳು ಕೂತಂತೆಲ್ಲ ತೂಕ ಹೆಚ್ಚುತ್ತದೆ, ಕಂಪನ ನಿಧಾನವಾಗುತ್ತದೆ. ನಿಧಾನವಾದ ಪ್ರಮಾಣದಿಂದ ಧೂಳಿನ ತೂಕವನ್ನು ಯಂತ್ರವೇ ಗುಣಿಸಿ ತೋರಿಸುತ್ತದೆ. ಸುಮಾರು ಎರಡು ಕೆ.ಜಿ. ತೂಕದ ಈ ಮಾಪಕವು ಅಮೆರಿಕದ ಕಲ್ಲಿದ್ದಲ ಗಣಿಗಳಲ್ಲಿ 2016ರ ಫೆಬ್ರವರಿಯಿಂದ ಕಡ್ಡಾಯವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮಿತಿಯು ಎರಡರಿಂದ ಒಂದೂವರೆ ಮಿಲಿಗ್ರಾಮಿಗೆ ಇಳಿಯಿತು. ಮಧ್ಯಾಹ್ನವೇ ಅಂಕಿ ಏರಿದ್ದನ್ನು ಕಂಡ ಗಣಿಗಾರನು ಗಾಳಿ ಬರುವ ಪಕ್ಕಕ್ಕೆ ಸರಿಯಬಹುದು, ನೀರಿನ ಸಿಂಪರಣೆ ಕೆಟ್ಟಿದೆಯೇ ಎಂದು ನೋಡಬಹುದು, ಮೇಲಿನವರನ್ನು ಕೇಳಬಹುದು.

ಹಾಗೆಂದು ಯಂತ್ರವು ಸರ್ವಜ್ಞವಲ್ಲ. ಅದು ತೂಕವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ಕಲ್ಲಿದ್ದಲ ಧೂಳಿಗಿಂತ ಸಿಲಿಕಾ ಧೂಳು ಅನೇಕ ಪಾಲು ಕ್ರೂರವಾದುದು. ಎರಡರ ತೂಕವೂ ಕಂಪಿಸುವ ಕಡ್ಡಿಗೆ ಒಂದೇ. ಅದನ್ನು ಬೇರ್ಪಡಿಸಿ ತಿಳಿಯಲು ಸೋಸುಕವನ್ನು ಬೇರೊಂದು ಪರೀಕ್ಷೆಗೆ ಒಡ್ಡಲೇಬೇಕು.

ಪ್ರತಿಯೊಬ್ಬರ ಸುತ್ತಲೂ ಒಂದು ಮೋಡ

ಗಣಿಯ ಮಾತು ಗಣಿಗಾಯಿತು. ಬೀದಿಬಾಗಿಲಿನ ಸಂಸಾರಗಳಿಗೆ ಇದರಿಂದೇನು ಎಂದು ಕೇಳಬಹುದು. 1990ರ ಶರತ್ಕಾಲದಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡ್ ನಗರದಲ್ಲಿ ಧೂಮಪಾನದ ಅಭ್ಯಾಸವಿಲ್ಲದ 178 ಮಂದಿ ನಿವಾಸಿಗಳು ಇಂಥ ಮಾಪಕಗಳನ್ನು ಧರಿಸಿ ಎಂದಿನಂತೆ ತಮ್ಮ ಕೆಲಸಗಳನ್ನು ಮಾಡಿದರು. ಅವರ ಮನೆಯ ಒಳಗೊಂದು, ಹೊರಗೊಂದು ಯಂತ್ರವೂ ಅದೇ ಹೊತ್ತಿನಲ್ಲಿ ನಡೆಯುತ್ತಿತ್ತು. ಹಗಲಿನ ಹೊತ್ತು ಮನೆಯ ಒಳಗಿನ ಗಾಳಿಯಲ್ಲಿ ಹತ್ತು ಮೈಕ್ರಾನಿನೊಳಗಿನ ಧೂಳು ಸರಾಸರಿ 95 ಮೈಕ್ರೋಗ್ರಾಂ, ಹೊರಗೂ ಅಷ್ಟೇ. ಹಾಗಾದರೆ ಮನುಷ್ಯರ ಎದೆಯ ಮೇಲಿನ ಮಾಪಕವೂ ಸುಮಾರು 95 ತೋರಿಸಬೇಕಿತ್ತಲ್ಲವೆ? ಅದು ತೋರಿಸಿದ್ದು 150!

ಈ ಹೆಚ್ಚಿನ ಪಾಲು ಎಲ್ಲಿಂದ ಬಂದಿತು? ಮನುಷ್ಯನು ಸುಮ್ಮನೆ ಇರುವ ಪ್ರಾಣಿಯಲ್ಲ. ಅವನು ನಡೆದರೆ ಜಮಖಾನದ ಧೂಳು ಏಳುತ್ತದೆ. ಹಾಸಿಗೆ ಕೊಡವಿದರೆ, ಕಸ ಗುಡಿಸಿದರೆ, ಬಾಣಲೆಯಲ್ಲಿ ಎಣ್ಣೆ ಕಾಯಿಸಿದರೆ ಕಣಗಳು ಮೊದಲು ಏಳುವುದು ಅವನ ಮುಖದ ಮುಂದೆಯೇ. ಪ್ರತಿಯೊಬ್ಬನೂ ತನ್ನ ಸುತ್ತ ಕಣ್ಣಿಗೆ ಕಾಣದ ಧೂಳಿನ ಮೋಡವೊಂದನ್ನು ಹೊತ್ತು ತಿರುಗುತ್ತಾನೆ. ವಿಜ್ಞಾನಿಗಳು ಅದನ್ನು ಸ್ವಂತದ ಮೋಡವೆಂದೇ ಕರೆದರು. ತಾರಸಿಯ ಯಂತ್ರಕ್ಕೆ ಈ ಮೋಡ ಎಂದೂ ಕಾಣದು.

ಒಲೆಯ ಮುಂದಿನ ಅಳತೆ

ಈ ಮೋಡವು ಅತ್ಯಂತ ದಟ್ಟವಾಗಿರುವುದು ಎಲ್ಲಿ? ಕಾರ್ಖಾನೆಯಲ್ಲಿ ಎಂದು ಯಾರಾದರೂ ಹೇಳಿಯಾರು. 1981ರಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಯು ಭಾರತೀಯ ಸಹೋದ್ಯೋಗಿಗಳೊಡನೆ ಗುಜರಾತಿನ ನಾಲ್ಕು ಹಳ್ಳಿಗಳಿಗೆ ಹೋದನು. ಕಾರ್ಖಾನೆಯ ಕೂಲಿಗಳಿಗೆಂದು ಮಾಡಿದ ಪಂಪು ಸೋಸುಕಗಳನ್ನು ಸೌದೆ, ಬೆರಣಿ ಉರಿಸಿ ಅಡುಗೆ ಮಾಡುವ ಹೆಂಗಸರಿಗೆ ಕಟ್ಟಲಾಯಿತು. ಅಡುಗೆಯ ಹೊತ್ತಿನಲ್ಲಿ ಅವರು ಉಸಿರಾಡುತ್ತಿದ್ದ ಗಾಳಿಯಲ್ಲಿದ್ದ ಒಟ್ಟು ಧೂಳು ಘನ ಮೀಟರಿಗೆ ಸರಾಸರಿ ಸುಮಾರು 7 ಮಿಲಿಗ್ರಾಂ, ಎಂದರೆ 7,000 ಮೈಕ್ರೋಗ್ರಾಂ. ಇದರಲ್ಲಿ ದಪ್ಪ ಕಣಗಳೂ ಸೇರಿದ್ದುದರಿಂದ ಗಣಿಯ ಮಿತಿಯೊಡನೆ ನೇರವಾಗಿ ಹೋಲಿಸುವುದು ಸಲ್ಲದು. ಆದರೂ ಕಲ್ಲಿದ್ದಲ ಗಣಿಗೆ ಒಂದು ಮಿತಿಯಿತ್ತು, ಒಬ್ಬ ಇನ್ಸ್‌ಪೆಕ್ಟರಿದ್ದನು, ಒಂದು ಶಾಸನವಿತ್ತು. ಅಡುಗೆಮನೆಗೆ ಇವಾವುವೂ ಇರಲಿಲ್ಲ. ಕಣ್ಣು ಉಜ್ಜಿಕೊಳ್ಳುತ್ತ, ಕೆಮ್ಮುತ್ತ, ಊದುಗೊಳವೆಯನ್ನು ಊದುತ್ತ ಕುಳಿತ ತಾಯಿಯನ್ನು ಕಂಡವರು ಕೋಟ್ಯಂತರ ಮಂದಿ. ಆ ಹೊಗೆಗೆ ಒಂದು ಅಂಕಿ ದೊರೆತದ್ದು ಆಗ.

ಹೊಗೆಯ ಕಷ್ಟವನ್ನು ಕನ್ನಡನಾಡು ಅರಿಯದೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗವು ರೂಪಿಸಿದ ಅಸ್ತ್ರ ಒಲೆಯು ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಸಾಗಿಸುತ್ತಿತ್ತು. ಮುಂದೆ 2016ರ ಮೇ ತಿಂಗಳಲ್ಲಿ ಬಡ ಸಂಸಾರಗಳ ಹೆಂಗಸರಿಗೆ ಅಡುಗೆ ಅನಿಲವನ್ನು ಒದಗಿಸುವ ಉಜ್ವಲಾ ಯೋಜನೆಯು ದೇಶದಲ್ಲಿ ಪ್ರಾರಂಭವಾಯಿತು.

ಅನಿಲದ ಒಲೆ ಬಂದರೆ ಉಸಿರಿನ ಲೆಕ್ಕ ನಿಜವಾಗಿಯೂ ಇಳಿಯುತ್ತದೆಯೆ? ಇದನ್ನು ತಿಳಿಯಲು ಭಾರತ, ಗ್ವಾಟೆಮಾಲ, ಪೆರು, ರುವಾಂಡ ಎಂಬ ನಾಲ್ಕು ದೇಶಗಳಲ್ಲಿ 3,200 ಮಂದಿ ಗರ್ಭಿಣಿಯರನ್ನು ಒಳಗೊಂಡ ಪ್ರಯೋಗವೊಂದು 2018ರಲ್ಲಿ ಆರಂಭವಾಯಿತು. ಭಾರತದಲ್ಲಿ ಅದು ನಡೆದದ್ದು ತಮಿಳುನಾಡಿನ ವಿಲ್ಲುಪುರಂ, ನಾಗಪಟ್ಟಿಣಂ ಜಿಲ್ಲೆಗಳಲ್ಲಿ. ಅರ್ಧ ಮಂದಿಗೆ ಅನಿಲದ ಒಲೆಯನ್ನೂ ಉರುವಲನ್ನೂ ಕೊಟ್ಟರು. ಉಳಿದವರು ಎಂದಿನಂತೆ ಸೌದೆಯಲ್ಲಿ ಅಡುಗೆ ಮಾಡಿದರು. ಈ ವೇಳೆಗೆ ಮಾಪಕವು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿತ್ತು. ಬಟ್ಟೆಯ ಕವಚಕ್ಕೆ ಹೊಲಿದ ಕಿಸೆಯಲ್ಲಿ ಅದನ್ನು ಎದೆಯ ಬಳಿ ಇಟ್ಟುಕೊಂಡು ಗರ್ಭಿಣಿಯರು 24 ಗಂಟೆಗಳ ಕಾಲ ಓಡಾಡಿದರು. ಯಂತ್ರವು ಧರಿಸಿದವರ ಚಲನವನ್ನೂ ಗುರುತಿಸುತ್ತಿದ್ದುದರಿಂದ ಅದನ್ನು ಧರಿಸಿದ್ದರೋ ಗೂಟಕ್ಕೆ ತೂಗುಹಾಕಿದ್ದರೋ ಎಂಬುದೂ ಗೊತ್ತಾಗುತ್ತಿತ್ತು! ಫಲಿತಾಂಶವು 2022ರಲ್ಲಿ ಹೊರಬಂದಿತು. ಸೌದೆಯ ಒಲೆಯವರು ಉಸಿರಾಡಿದ ಗಾಳಿಯಲ್ಲಿ ಸೂಕ್ಷ್ಮ ಧೂಳಿನ ನಡುಮಟ್ಟ ಘನ ಮೀಟರಿಗೆ 70.7 ಮೈಕ್ರೋಗ್ರಾಂ, ಅನಿಲದವರದು 24.0.

ಎದೆಯ ಮೇಲಿನ ಯಂತ್ರವು ಹೇಳಿದ ಮಾತು ಸಂತೋಷದ್ದೇ. ಆದರೆ ಅದೇ ಪ್ರಯೋಗದಲ್ಲಿ ಹುಟ್ಟಿದ ಶಿಶುಗಳನ್ನು ತೂಗಿದಾಗ ಎರಡು ಗುಂಪಿನ ಕೂಸುಗಳ ತೂಕದಲ್ಲಿ ಗಣನೀಯವಾದ ವ್ಯತ್ಯಾಸವು ಕಂಡುಬರಲಿಲ್ಲ. ಧೂಳು ಮೂರನೆಯ ಒಂದು ಪಾಲಿಗೆ ಇಳಿದರೂ ಮಗುವಿನ ತೂಕ ಹೆಚ್ಚಲಿಲ್ಲ. ಇದರಿಂದ ಹೊಗೆ ನಿರಪಾಯಕರವೆಂದು ತಿಳಿಯಬಾರದು; ಉಸಿರಿಗೆ ಹೊಗೆ ಒಂದು ಶತ್ರು, ಬಸುರಿಯ ಆರೋಗ್ಯಕ್ಕೆ ಶತ್ರುಗಳು ಹಲವು. ಮಾಪಕವು ಗಾಳಿಯನ್ನು ಅಳೆಯುತ್ತದೆ. ಅನ್ನ, ರಕ್ತಹೀನತೆ, ದುಡಿಮೆ, ವಿಶ್ರಾಂತಿ ಇವುಗಳನ್ನು ಅಳೆಯುವುದಿಲ್ಲ.

ಬೆಳಕಿನಿಂದ ಎಣಿಕೆ

ಈಗ ಅಂಗಡಿಗಳಲ್ಲಿ ಮಾರುವ ಪುಟ್ಟ ಮಾಪಕಗಳಲ್ಲಿ ತಕ್ಕಡಿಯೂ ಇಲ್ಲ, ಸೋಸುಕವೂ ಇಲ್ಲ. ಅವುಗಳ ಒಳಗೆ ಬೆಂಕಿಪೆಟ್ಟಿಗೆಯಷ್ಟು ಕತ್ತಲೆಯ ಕೋಣೆಯೊಂದುಂಟು. ಅದರಲ್ಲಿ ಲೇಸರ್ ಬೆಳಕಿನ ಒಂದು ಎಳೆ ಹಾಯುತ್ತದೆ. ಪುಟ್ಟ ಬೀಸಣಿಗೆಯು ಗಾಳಿಯನ್ನು ಒಳಕ್ಕೆ ಎಳೆದಾಗ ಕಣಗಳು ಬೆಳಕನ್ನು ಚದುರಿಸುತ್ತವೆ. ಚದುರಿದ ಬೆಳಕನ್ನು ಒಂದು ಯಾಂತ್ರಿಕ ಕಣ್ಣು ಗುರುತಿಸಿ ಲೆಕ್ಕಹಾಕುತ್ತದೆ. ಗಾಜಿನ ಹೆಂಚಿನ ಬಿಸಿಲಕೋಲನ್ನೇ ಪೆಟ್ಟಿಗೆಯೊಳಗೆ ಇಳಿಸಿದಂತೆ!

ಇವುಗಳ ಬೆಲೆ ಕಡಿಮೆ, ಬಳಕೆ ಸುಲಭ. ಆದರೆ ಇವು ತೂಗುವುದಿಲ್ಲ, ಬೆಳಕಿನಿಂದ ತೂಕವನ್ನು ಊಹಿಸುತ್ತವೆ. ಮಳೆಗಾಲದ ತೇವದಲ್ಲಿ ಕಣಗಳು ನೀರನ್ನು ಹೀರಿ ಉಬ್ಬಿದಾಗ ಅಂಕಿಯು ಸುಳ್ಳಾಗಿ ಏರುತ್ತದೆ. ಲಾರಿಯ ಮಸಿ, ರಸ್ತೆಯ ಮಣ್ಣು, ಊದುಬತ್ತಿಯ ಹೊಗೆ ಇವು ಬೆಳಕನ್ನು ಬೇರೆ ಬೇರೆ ಬಗೆಯಲ್ಲಿ ಚದುರಿಸುವುದರಿಂದ ಒಂದಕ್ಕೆ ಸರಿಹೊಂದಿಸಿದ ಯಂತ್ರವು ಇನ್ನೊಂದಕ್ಕೆ ತಪ್ಪೀತು. ಕಾಲ ಕಳೆದಂತೆ ಒಳಗೆ ಧೂಳು ಕೂತು ಅದರ ಕಣ್ಣೇ ಮಂಜಾಗುವುದೂ ಉಂಟು. ಆದ್ದರಿಂದಲೇ ಶೋಧಕರು ಇಂಥ ಯಂತ್ರದೊಳಗೂ ಒಂದು ಸೋಸುಕವನ್ನು ಇಟ್ಟು, ಕೊನೆಗೆ ಅದನ್ನು ತೂಗಿ, ಬೆಳಕು ಹೇಳಿದ ಅಂಕಿಯನ್ನು ತಿದ್ದಿಕೊಳ್ಳುತ್ತಾರೆ. ಸಂಸಾರವಂದಿಗರು ಇದನ್ನು ಕೊಂಡರೆ ಒಂದು ಅಂಕಿಯನ್ನು ಹಿಡಿದು ಹೆದರುವುದೂ ಬೇಡ, ಬೀಗುವುದೂ ಬೇಡ. ನಿನ್ನೆಗೂ ಇಂದಿಗೂ, ಈ ಕೋಣೆಗೂ ಆ ಕೋಣೆಗೂ, ಕಿಟಕಿ ಮುಚ್ಚಿದ್ದಾಗಕ್ಕೂ ತೆರೆದಿದ್ದಾಗಕ್ಕೂ ಏನು ವ್ಯತ್ಯಾಸವೆಂದು ನೋಡುವುದರಲ್ಲಿ ಅದರ ಪ್ರಯೋಜನವಿದೆ. ಒಗ್ಗರಣೆಯ ಹೊತ್ತಿಗೆ ಅಂಕಿ ನೆಗೆದರೆ ಕಿಟಕಿ ತೆರೆಯಬಹುದು, ಹೊಗೆಯನ್ನು ಹೊರದೂಡುವ ಬೀಸಣಿಗೆಯನ್ನು ಹಾಕಿಸಬಹುದು; ಕಸ ಗುಡಿಸುವಾಗ ಏರಿದರೆ ಒದ್ದೆ ಬಟ್ಟೆಯಿಂದ ಒರೆಸಬಹುದು; ಕಚೇರಿಗೆ ಒಳದಾರಿಯಿದ್ದರೆ ಅದನ್ನು ಹಿಡಿಯಬಹುದು.

ಇಷ್ಟು ಮಾತ್ರ ಒಬ್ಬೊಬ್ಬರ ಕೈಯಲ್ಲಿದೆ. ರಸ್ತೆಯ ಲಾರಿಯನ್ನು, ಕಾರ್ಖಾನೆಯ ಚಿಮಣಿಯನ್ನು, ಕಸದ ರಾಶಿಗೆ ಬಿದ್ದ ಬೆಂಕಿಯನ್ನು ಎದೆಯ ಮೇಲಿನ ಪೆಟ್ಟಿಗೆಯು ನಿಲ್ಲಿಸಲಾರದು. ಒಲೆಯ ಮುಂದಿನ ಹೆಂಗಸೂ ಕಲ್ಲು ಒಡೆಯುವ ಆಳೂ ರಸ್ತೆ ಗುಡಿಸುವ ಕಾರ್ಮಿಕಳೂ ತಮ್ಮ ಪಾಲಿನ ಗಾಳಿಯನ್ನು ತಾವಾಗಿ ಆರಿಸಿಕೊಂಡವರಲ್ಲ. ಯಂತ್ರವನ್ನು ಕೊಳ್ಳಬಲ್ಲವರಿಗಿಂತ ಕೊಳ್ಳಲಾರದವರಿಗೇ ಅದರ ಅಗತ್ಯ ಹೆಚ್ಚು. ಹಾರ್ವೆಲಿನ ಪ್ರಯೋಗಶಾಲೆಯಿಂದ ಗುಜರಾತಿನ ಅಡುಗೆಮನೆಯವರೆಗೆ ಈ ಯಂತ್ರವು ಎಲ್ಲೆಲ್ಲಿ ನಿಜವಾದ ಉಪಕಾರವನ್ನು ಮಾಡಿತೋ ಅಲ್ಲೆಲ್ಲ ಅಂಕಿಯು ಪ್ರಾಮಾಣಿಕವಾಗಿ ಬರೆಯಲ್ಪಟ್ಟಿತು, ಅದಕ್ಕೆ ಉತ್ತರ ಕೊಡಬೇಕಾದವರ ಮುಂದೆ ಇಡಲ್ಪಟ್ಟಿತು. ಕಲ್ಲಿದ್ದಲ ಗಣಿಗಳಲ್ಲಿ ಹಾಗಾಗದಿದ್ದಾಗ ಸೋಸುಕಗಳು ಶುಭ್ರವಾಗಿ ಉಳಿದುವು, ಶ್ವಾಸಕೋಶಗಳು ಕಪ್ಪಾದುವು.

ಬಿಸಿಲಕೋಲಿನ ಕಣಗಳನ್ನು ಮುಷ್ಟಿಯಲ್ಲಿ ಹಿಡಿಯಹೋದ ಮಗುವಿಗೆ ಅವು ಸಿಕ್ಕಲಿಲ್ಲ. ದೊಡ್ಡವರು ಅವುಗಳನ್ನು ಹಿಡಿಯುವುದನ್ನೂ ತೂಗುವುದನ್ನೂ ಕಲಿತಿದ್ದಾರೆ. ತೂಗಿದ ಮೇಲೆ ಮಾಡಬೇಕಾದ ಕೆಲಸವು ಇನ್ನೂ ಬಹಳವಿದೆ.